ಪ್ರಜೆಯ ದೂರು, ಸರಕಾರದ ಮೊಕದ್ದಮೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ನಿಂತ ಕನ್ನಡ ಪಂಡಿತನು ಪಂಪನನ್ನೋ ಕುಮಾರವ್ಯಾಸನನ್ನೋ ಮುದ್ದಣನನ್ನೋ ಕುರಿತು ಮಾತನಾಡುವುದು ರೂಢಿ. ಹಿಂದಿನ ವರ್ಷಗಳಲ್ಲಿ ನಾನೂ ಹಾಗೆಯೇ ಮಾಡಿದ್ದೇನೆ. ಈ ಬಾರಿ ಭಾಷಣದ ವಿಷಯವೇನೆಂದು ಕಾರ್ಯದರ್ಶಿಗಳು ವಿಚಾರಿಸಿದಾಗ, 'ತಪ್ಪು ಮಾಡಿದವನ ಮೇಲೆ ಮೊಕದ್ದಮೆ ಹೂಡೆಂದು ಸಾಮಾನ್ಯ ಪ್ರಜೆಯು ಸರಕಾರವನ್ನು ಬಲವಂತಪಡಿಸಬಲ್ಲನೆ?' ಎಂದು ಬರೆದುಕೊಟ್ಟೆನು. ಅವರು ಚೀಟಿಯನ್ನು ಎರಡು ಸಲ ಓದಿ, "ಮಾಷ್ಟ್ರೇ, ಇದು ವಕೀಲರು ಹೇಳಬೇಕಾದ ಮಾತಲ್ಲವೆ?" ಎಂದರು. ಅವರ ಸಂದೇಹ ಸಹಜವಾದದ್ದು. ನಾನು ವಕೀಲನಲ್ಲ, ವ್ಯಾಕರಣ ಛಂದಸ್ಸುಗಳನ್ನು ಕಲಿಸಿ ಜೀವಿಸುವವನು. ಆದರೆ ಈ ವಿಷಯವನ್ನು ತಿಳಿಯದೆ ಇದ್ದುದರಿಂದ ನನ್ನಿಂದ ಒಂದು ಅಪಚಾರ ನಡೆದುಹೋಯಿತು. ಅದನ್ನು ನಿಮ್ಮ ಮುಂದೆ ಹೇಳಿಕೊಂಡು, ಅನಂತರ ನಾನು ಕಲಿತುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂಬುದೇ ಈ ಭಾಷಣದ ಉದ್ದೇಶ.

ಕೆಲವು ವರ್ಷಗಳ ಹಿಂದಿನ ಮಾತು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿಯೊಬ್ಬರು ಒಂದು ಸಂಜೆ ನಮ್ಮ ಮನೆಯ ಜಗಲಿಗೆ ಬಂದರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಆ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು, ಹೆಚ್ಚಿನ ಬಡ್ಡಿಯ ಆಸೆ ತೋರಿಸಿದ ಒಬ್ಬ ಮನುಷ್ಯನ ಕೈಗೆ ಅವರು ಕೊಟ್ಟಿದ್ದರು. ಅವನು ಅದೇ ರೀತಿಯಲ್ಲಿ ಇನ್ನೂ ಹಲವು ಮನೆಗಳಿಂದ ಹಣ ಸಂಗ್ರಹಿಸಿದ್ದನು. ಅವಧಿ ಮುಗಿದರೂ ಹಣ ಬರಲಿಲ್ಲ. ರಶೀದಿಯಲ್ಲಿ ಅಚ್ಚಾಗಿದ್ದ ಕಚೇರಿ ಎಲ್ಲಿಯೂ ಇರಲಿಲ್ಲ. ಠಾಣೆಗೆ ಹೋಗಿ ಹೇಳಿಕೊಂಡಾಗ, ಇದು ಹಣಕಾಸಿನ ವ್ಯವಹಾರ, ಸಿವಿಲ್ ಕೋರ್ಟಿಗೆ ಹೋಗಿ ಎಂದು ಅವರನ್ನು ಕಳುಹಿಸಿಬಿಟ್ಟರಂತೆ. ಕೊಂಡೊಯ್ದ ಕಾಗದವನ್ನು ಕೈಗೂ ತೆಗೆದುಕೊಳ್ಳಲಿಲ್ಲವಂತೆ. "ಮಾಷ್ಟ್ರೇ, ಇನ್ನೇನು ಮಾಡುವುದು? ಓದಿದವರು ನೀವು ಹೇಳಬೇಕು" ಎಂದು ಅವರು ಕೇಳಿದರು.

ಓದಿದವನು ಹೇಳಿದ್ದೇನು? "ಅಕ್ಕಾ, ಕೇಸು ಹಾಕುವುದೂ ಬಿಡುವುದೂ ಸರಕಾರಕ್ಕೆ ಸೇರಿದ್ದು. ನಾವು ಒತ್ತಾಯ ಮಾಡಿದರೆ ನಡೆಯುತ್ತದೆಯೆ?" ಎಂದೆನು. ಅವರು ಒಂದು ಲೋಟ ನೀರು ಕುಡಿದು, ರಶೀದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದರು. ಒಂದು ವರ್ಷ ಕಳೆಯಿತು. ಆ ಮನುಷ್ಯನು ತನ್ನ ಮನೆಯನ್ನೂ ತೋಟವನ್ನೂ ಮಾರಿ ಊರು ಬಿಟ್ಟನು. ಆಮೇಲೆ, ವಕೀಲಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ಮಾತಿಗೆ ಮಾತು ಬಂದಾಗ ಈ ಸಂಗತಿಯನ್ನು ಹೇಳಿದೆನು. ಅವನು ಗುರುವಿನ ಮೇಲಿನ ಗೌರವದಿಂದ ದನಿಯನ್ನು ತಗ್ಗಿಸಿಯೇ, "ಸರ್, ನೀವು ಹೇಳಿದ್ದು ಅರ್ಧ ಸರಿ, ಆದರೆ ಅವರಿಗೆ ಬೇಕಾಗಿದ್ದುದು ಉಳಿದ ಅರ್ಧ" ಎಂದನು. ಆ ಉಳಿದ ಅರ್ಧವೇ ಇಂದಿನ ವಿಷಯ.

ಮೊದಲು ನಮ್ಮ ಹಿಂದಿನವರ ವಿಚಾರವನ್ನು ಒಂದಿಷ್ಟು ನೋಡೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದುದು ನಿಮಗೆ ತಿಳಿದಿದೆ. ಕನ್ನಡ ನಾಡಿನಲ್ಲಿ ಹುಟ್ಟಿದ ಆ ಗ್ರಂಥವು ಭಾರತದ ಬಹುಭಾಗದಲ್ಲಿ ದಾಯಭಾಗಕ್ಕೆ ಪ್ರಮಾಣವಾಯಿತು. ಆ ಸ್ಮೃತಿಯ ವ್ಯವಹಾರಾಧ್ಯಾಯದ ಪ್ರಕಾರ, ಪರರಿಂದ ಪೀಡಿತನಾದವನು ರಾಜನಲ್ಲಿಗೆ ಬಂದು ನಿವೇದಿಸಿಕೊಂಡಾಗ ವ್ಯವಹಾರವು ಆರಂಭವಾಗುತ್ತದೆ. ಮನುಸ್ಮೃತಿಯಲ್ಲಿ ಇದಕ್ಕೆ ಪೂರಕವಾದ ಇನ್ನೊಂದು ವಿಧಿಯಿದೆ: ರಾಜನಾಗಲಿ ಅವನ ಅಧಿಕಾರಿಯಾಗಲಿ ತಾನಾಗಿ ವ್ಯಾಜ್ಯವನ್ನು ಹುಟ್ಟಿಸಬಾರದು, ಇನ್ನೊಬ್ಬನು ತಂದ ವ್ಯಾಜ್ಯವನ್ನು ನುಂಗಲೂ ಬಾರದು. 'ನುಂಗುವುದು' ಎಂಬ ಅರ್ಥದ ಧಾತುವನ್ನೇ ಸ್ಮೃತಿಕಾರನು ಅಲ್ಲಿ ಬಳಸಿದ್ದಾನೆ. ದೂರನ್ನು ತಿರಸ್ಕರಿಸುವುದು ಬೇರೆ, ನುಂಗುವುದು ಬೇರೆ. ತಿರಸ್ಕರಿಸುವವನು ಕಾರಣ ಹೇಳಬೇಕಾಗುತ್ತದೆ. ನುಂಗುವವನು ಬಾಯಿ ಒರೆಸಿಕೊಂಡರೆ ಸಾಕು. ಸ್ಮೃತಿಗಳಲ್ಲಿ ಇಂದು ನಾವು ಒಪ್ಪಲಾರದ ವಿಧಿಗಳು ಬೇಕಾದಷ್ಟಿವೆ. ಆದರೆ ಈ ಒಂದು ಭೇದವನ್ನು ಇಂದಿನ ಕಾಯಿದೆಯೂ ಉಳಿಸಿಕೊಂಡು ಬಂದಿದೆ.

ಈಗ ಪ್ರಕೃತಕ್ಕೆ ಬರೋಣ. ನಮ್ಮ ದೇಶದಲ್ಲಿ ಅಪರಾಧವೆಂದರೆ ಇಡೀ ಸಮಾಜದ ವಿರುದ್ಧ ನಡೆದ ಕೃತ್ಯವೆಂದು ಎಣಿಕೆ. ಆದುದರಿಂದಲೇ ಕೊಲೆಯಾದವನ ಮಗನ ಹೆಸರಿನಲ್ಲಿ ಮೊಕದ್ದಮೆ ನಡೆಯುವುದಿಲ್ಲ. ರಾಜ್ಯದ ಹೆಸರಿನಲ್ಲಿ ನಡೆಯುತ್ತದೆ. ತನಿಖೆ ಪೋಲೀಸರದು, ವಾದ ಸರಕಾರಿ ವಕೀಲರದು. ಇದರಲ್ಲಿ ದೊಡ್ಡ ಅನುಕೂಲವಿದೆ. ಬಡವನು ತನ್ನ ಖರ್ಚಿನಿಂದ ಸಾಕ್ಷಿಗಳನ್ನು ಹುಡುಕಬೇಕಾಗಿಲ್ಲ; ಬಲಿಷ್ಠನು ತನ್ನ ಹಗೆಯನ್ನು ತೀರಿಸಿಕೊಳ್ಳಲು ಕೋರ್ಟನ್ನು ಸುಲಭವಾಗಿ ಬಳಸಿಕೊಳ್ಳಲಾರನು. ಆದರೆ ಅನುಕೂಲವಿದ್ದಲ್ಲಿ ಅಪಾಯವೂ ಇದೆ. ಸರಕಾರದ ಕೈ ಮೇಲೇಳದಿದ್ದರೆ ನೊಂದವನ ಗತಿಯೇನು?

1967ರಲ್ಲಿ ಸುಪ್ರೀಂ ಕೋರ್ಟು ಅಭಿನಂದನ ಝಾ ಎಂಬವರ ಪ್ರಕರಣದಲ್ಲಿ ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಟ್ಟಿತು. ತನಿಖೆ ಮುಗಿಸಿದ ಪೋಲೀಸರು 'ಸಾಕ್ಷ್ಯವಿಲ್ಲ' ಎಂದು ವರದಿ ಒಪ್ಪಿಸಿದರೆ, 'ಇಲ್ಲ, ನೀವು ಆರೋಪಪಟ್ಟಿಯನ್ನೇ ಸಲ್ಲಿಸಿ' ಎಂದು ಮ್ಯಾಜಿಸ್ಟ್ರೇಟರು ಆಜ್ಞಾಪಿಸುವಂತಿಲ್ಲ. ತನಿಖೆಯಿಂದ ಮೂಡಿದ ಅಭಿಪ್ರಾಯವು ಪೋಲೀಸರಿಗೆ ಸೇರಿದ್ದು. ಮ್ಯಾಜಿಸ್ಟ್ರೇಟರಿಗೇ ಇಲ್ಲದ ಆ ಅಧಿಕಾರ ನಿಮಗೆ ನನಗೆ ಎಲ್ಲಿಂದ ಬರಬೇಕು? ಆದ್ದರಿಂದ 'ಸರಕಾರವನ್ನು ಬಲವಂತಪಡಿಸಲಾಗದು' ಎಂಬ ನನ್ನ ಅರ್ಧ ಸತ್ಯ ಇಲ್ಲಿಗೆ ಸರಿಯಾಯಿತು. ಆದರೆ ಅದೇ ತೀರ್ಪಿನಲ್ಲಿ ಉಳಿದ ಅರ್ಧವೂ ಇದೆ. ಪೋಲೀಸರ ಅಭಿಪ್ರಾಯವು ಮ್ಯಾಜಿಸ್ಟ್ರೇಟರನ್ನು ಕಟ್ಟಿಹಾಕುವುದಿಲ್ಲ. ಅವರು ಮತ್ತಷ್ಟು ತನಿಖೆ ನಡೆಸಲು ಹೇಳಬಹುದು. ದಾಖಲೆಗಳಲ್ಲಿ ಅಪರಾಧದ ಚಹರೆ ಕಂಡರೆ ಪೋಲೀಸರ ವರದಿಗೆ ವಿರುದ್ಧವಾಗಿ ತಾವೇ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು. ಅಂದರೆ, ಪೋಲೀಸರ ಲೇಖನಿಯನ್ನು ನಾವು ಹಿಡಿದು ಬರೆಸಲಾರೆವು. ಆದರೆ ಅವರು ಬರೆಯದೆ ಬಿಟ್ಟದ್ದನ್ನು ನ್ಯಾಯಾಧೀಶರ ಕಣ್ಣಿಗೆ ತರಬಲ್ಲೆವು.

ಅದು ಹೇಗೆಂಬುದನ್ನು ಈಗ ಕ್ರಮವಾಗಿ ಹೇಳುತ್ತೇನೆ. 2024ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 'ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ' ಜಾರಿಗೆ ಬಂದಿದೆ. ನಾನು ಹೇಳುವ ಕಲಮುಗಳೆಲ್ಲ ಅದರವು.

ಮೊದಲನೆಯದು ಠಾಣೆ. ವಾರಂಟಿಲ್ಲದೆ ಪೋಲೀಸರು ಹಿಡಿಯಬಹುದಾದಂಥ ಅಪರಾಧದ ಮಾಹಿತಿಯನ್ನು ಯಾರೇ ತಂದರೂ 173ನೆಯ ಕಲಮಿನಂತೆ ಅದನ್ನು ದಾಖಲಿಸಬೇಕು. ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಂಡು, ಹೇಳಿದವರಿಗೆ ಓದಿ ತಿಳಿಸಿ, ಸಹಿ ಹಾಕಿಸಿಕೊಳ್ಳಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅಪರಾಧವು ಬೇರೆ ಠಾಣೆಯ ಎಲ್ಲೆಯಲ್ಲಿ ನಡೆದಿದ್ದರೂ 'ನಮ್ಮ ಎಲ್ಲೆಯಲ್ಲ' ಎಂದು ತಿರುಗಿಸಿ ಕಳುಹಿಸುವಂತಿಲ್ಲ. ದಾಖಲಿಸುವುದು ಅಧಿಕಾರಿಯ ಇಚ್ಛೆಗೆ ಬಿಟ್ಟದ್ದಲ್ಲ, ಅದು ಅವನ ಕರ್ತವ್ಯವೆಂದು 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ನಿರ್ಣಯಿಸಿತು. ಹೊಸ ಸಂಹಿತೆಯಲ್ಲಿ ಒಂದು ಸಡಿಲಿಕೆಯಿದೆ: ಮೂರು ವರ್ಷಕ್ಕೆ ಕಡಿಮೆಯಲ್ಲದ, ಏಳು ವರ್ಷದೊಳಗಿನ ಶಿಕ್ಷೆಯಿರುವ ಅಪರಾಧಗಳಲ್ಲಿ, ಮೇಲಧಿಕಾರಿಯ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆಯನ್ನು ನಡೆಸಬಹುದು. ಹದಿನಾಲ್ಕು ದಿನ, ಹದಿನಾಲ್ಕು ತಿಂಗಳಲ್ಲ.

ಎರಡನೆಯದು ಟಪಾಲು. ಠಾಣೆಯಲ್ಲಿ ದೂರನ್ನು ತೆಗೆದುಕೊಳ್ಳದಿದ್ದರೆ ಅದರ ಸಾರಾಂಶವನ್ನು ಬರೆದು ಅಂಚೆಯ ಮೂಲಕ ಜಿಲ್ಲೆಯ ಪೋಲೀಸು ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು. ರಿಜಿಸ್ಟರ್ ಮಾಡಿದ ಟಪಾಲಿನ ರಶೀದಿಯು ಆಗ ನಮ್ಮ ಸಾಕ್ಷಿ. ನಮ್ಮ ಹಿರಿಯರು ಜಮೀನಿನ ಪಟ್ಟೆಯನ್ನು ಕಾಪಾಡಿದಂತೆ ಈ ರಶೀದಿಯನ್ನು ಕಾಪಾಡಬೇಕು.

ಮೂರನೆಯದು ಮ್ಯಾಜಿಸ್ಟ್ರೇಟರ ನ್ಯಾಯಾಲಯ. ಮೇಲಧಿಕಾರಿಯಿಂದಲೂ ಕಾರ್ಯವಾಗದಿದ್ದರೆ, ಪ್ರಮಾಣಪತ್ರದೊಡನೆ ಅರ್ಜಿ ಸಲ್ಲಿಸಿ 175ನೆಯ ಕಲಮಿನಂತೆ ತನಿಖೆಗೆ ಆಜ್ಞೆ ಮಾಡಬೇಕೆಂದು ಕೋರಬಹುದು. ಎಲ್ಲರೂ ಎರ್ನಾಕುಳದ ಹೈಕೋರ್ಟಿಗೇ ಓಡಬೇಕಾಗಿಲ್ಲ. ಊರ ಸಮೀಪದ ಮ್ಯಾಜಿಸ್ಟ್ರೇಟರಿಗೆ ಈ ವಿಷಯದಲ್ಲಿ ವಿಸ್ತಾರವಾದ ಅಧಿಕಾರವಿದೆಯೆಂದು 2007ರಲ್ಲಿ ಸಾಕಿರಿ ವಾಸು ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ನಾಲ್ಕನೆಯದು, ನಾವು ಅನೇಕರು ಕೇಳಿಯೇ ಇರದಂಥದು: ಖಾಸಗಿ ಫಿರ್ಯಾದು. ಪೋಲೀಸರ ನೆರವಿಲ್ಲದೆ, 223ನೆಯ ಕಲಮಿನಂತೆ, ಪ್ರಜೆಯು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಬಹುದು. ಮ್ಯಾಜಿಸ್ಟ್ರೇಟರು ಫಿರ್ಯಾದಿಯನ್ನೂ ಹಾಜರಿರುವ ಸಾಕ್ಷಿಗಳನ್ನೂ ಪ್ರಮಾಣದ ಮೇಲೆ ವಿಚಾರಿಸುತ್ತಾರೆ. ಆರೋಪಕ್ಕೆ ಒಳಗಾದವನಿಗೂ ಮಾತನಾಡುವ ಅವಕಾಶವನ್ನು ಹೊಸ ಸಂಹಿತೆ ಕೊಟ್ಟಿದೆ. ದೂರಿನಲ್ಲಿ ಹುರುಳಿಲ್ಲವೆಂದು ಕಂಡರೆ ವಜಾ ಮಾಡುತ್ತಾರೆ. ಆದರೆ ಅದರ ಕಾರಣವನ್ನು ಬರೆದಿಡಬೇಕು. ಇಲ್ಲಿಯೂ ನುಂಗುವಂತಿಲ್ಲ. ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದ ಎ. ಆರ್. ಅಂತುಲೆಯವರ ಮೇಲೆ ಒಬ್ಬ ಖಾಸಗಿ ವ್ಯಕ್ತಿಯು ಸಲ್ಲಿಸಿದ ಫಿರ್ಯಾದು 1984ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೂ ಹೋಯಿತು. ಕಾಯಿದೆಯು ಬೇರೆ ರೀತಿಯಲ್ಲಿ ವಿಧಿಸದಿರುವಲ್ಲೆಲ್ಲ ದಂಡನ್ಯಾಯದ ಚಕ್ರವನ್ನು ಯಾವ ಪ್ರಜೆಯೂ ಚಲಿಸುವಂತೆ ಮಾಡಬಹುದೆಂದು ಆ ಪೀಠವು ಸಾರಿತು.

ಇವಕ್ಕೆ ಮಿತಿಗಳಿವೆ. ಮಾನನಷ್ಟದ ದೂರನ್ನು ನೊಂದವನೇ ತರಬೇಕು. ಕೋರ್ಟಿನಲ್ಲಿ ನುಡಿದ ಸುಳ್ಳುಸಾಕ್ಷಿಯ ವಿಷಯದಲ್ಲಿ ಆ ಕೋರ್ಟಿನ ಕಡೆಯಿಂದಲೇ ದೂರು ಬರಬೇಕು. ಸರಕಾರದ ಅನುಮತಿಯಿಲ್ಲದೆ ಪದಚ್ಯುತಗೊಳಿಸಲಾಗದ ಅಧಿಕಾರಿಗಳು ಕರ್ತವ್ಯನಿರ್ವಹಣೆಯಲ್ಲಿ ಮಾಡಿದರೆನ್ನಲಾದ ಅಪರಾಧಕ್ಕೆ ಸರಕಾರದ ಪೂರ್ವಾನುಮತಿ ಬೇಕು. ಆದರೆ 218ನೆಯ ಕಲಮು ಇದಕ್ಕೆ 120 ದಿನಗಳ ಗಡುವನ್ನು ಹಾಕಿದೆ. ಅಷ್ಟರೊಳಗೆ ಸರಕಾರವು ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಕಾಲದ ಮಿತಿಯೂ ಇದೆ. ಬರಿಯ ಜುಲ್ಮಾನೆಯ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗಿನ ಶಿಕ್ಷೆಯದಕ್ಕೆ ಒಂದು ವರ್ಷ, ಮೂರು ವರ್ಷದವರೆಗಿನದಕ್ಕೆ ಮೂರು ವರ್ಷ ಕಳೆದರೆ ಸಾಮಾನ್ಯವಾಗಿ ವಿಚಾರಣೆಗೆ ಎತ್ತಿಕೊಳ್ಳುವುದಿಲ್ಲ. ಘೋರಾಪರಾಧಗಳಿಗೆ ಇಂಥ ಅವಧಿಯಿಲ್ಲ.

ಸೋದರ ಸೋದರಿಯರೆ, ಕಲಮುಗಳ ಪಟ್ಟಿಯನ್ನು ಕೇಳಿ ನಿಮಗೆ ಆಯಾಸವಾಗಿರಬಹುದು. ಈ ಕಲಮುಗಳ ಹಿಂದೆ ಮನುಷ್ಯರಿದ್ದಾರೆ. ನಾವು ಬಾಳುತ್ತಿರುವ ಈ ಕೇರಳ ರಾಜ್ಯದಿಂದಲೇ ಕೆಲವು ನಿದರ್ಶನಗಳನ್ನು ಕೊಡುತ್ತೇನೆ.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್ 1ರಂದು, ಕೋಝಿಕ್ಕೋಡಿನ ರೀಜನಲ್ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೋಲೀಸರು ಹಿಡಿದೊಯ್ದರು. ಅವನ ತಂದೆ ಟಿ. ವಿ. ಈಚರ ವಾರಿಯರ್ ಹಿಂದಿ ಭಾಷೆಯ ಅಧ್ಯಾಪಕರು. ನನ್ನಂತೆಯೇ ಒಂದು ಭಾಷೆಯನ್ನು ಕಲಿಸಿ ಜೀವನ ನಡೆಸಿದವರು. ಮಗನೆಲ್ಲಿ ಎಂದು ಅವರು ಕಚೇರಿಯಿಂದ ಕಚೇರಿಗೆ ಅಲೆದರು, ಅರ್ಜಿಯ ಮೇಲೆ ಅರ್ಜಿ ಬರೆದರು. 1977ರಲ್ಲಿ ತುರ್ತು ಪರಿಸ್ಥಿತಿ ತೆರವಾದೊಡನೆ ಕೇರಳ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸಲ್ಲಿಸಿದರು. ಆ ಹುಡುಗನನ್ನು ತಾವು ಹಿಡಿದೇ ಇಲ್ಲವೆಂದು ಸರಕಾರದ ಕಡೆಯವರು ಪ್ರಮಾಣಪತ್ರ ಸಲ್ಲಿಸಿದರು. ನ್ಯಾಯಾಲಯವು ಅದನ್ನು ನಂಬಲಿಲ್ಲ. ರಾಜನ್ ಕಕ್ಕಯಂ ಎಂಬಲ್ಲಿಯ ಪೋಲೀಸು ಶಿಬಿರದಲ್ಲಿ ಇದ್ದನೆಂಬುದು ಹೊರಬಂದಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಗೃಹಮಂತ್ರಿಗಳಾಗಿದ್ದು, ಆಗಷ್ಟೆ ಮುಖ್ಯಮಂತ್ರಿಗಳಾಗಿದ್ದ ಕೆ. ಕರುಣಾಕರನ್ ಅದೇ ಏಪ್ರಿಲಿನಲ್ಲಿ ಪದವಿಯನ್ನು ಬಿಡಬೇಕಾಯಿತು. ಒಬ್ಬ ಹಿಂದಿ ಮೇಷ್ಟರ ಅರ್ಜಿಯು ಒಂದು ಸರಕಾರದಿಂದ ಉತ್ತರವನ್ನು ಹೊರಡಿಸಿತು. ಆದರೆ ನಾನು ಸತ್ಯವನ್ನು ಪೂರ್ತಿಯಾಗಿ ಹೇಳಬೇಕು: ಮಗನ ದೇಹವು ಆ ತಂದೆಗೆ ಎಂದೂ ದೊರೆಯಲಿಲ್ಲ. 2006ರಲ್ಲಿ ಅವರು ತೀರಿಕೊಂಡರು.

ಇನ್ನೊಂದು ವಯನಾಡಿನದು. 1970ರ ಫೆಬ್ರವರಿ 18ರಂದು ತಿರುನೆಲ್ಲಿಯ ಕಾಡಿನಲ್ಲಿ ನಕ್ಸಲೀಯ ನಾಯಕ ವರ್ಗೀಸನು ಪೋಲೀಸರೊಡನೆ ನಡೆದ ಗುಂಡಿನ ಕಾಳಗದಲ್ಲಿ ಸತ್ತನೆಂದು ಸರಕಾರವು ಪ್ರಕಟಿಸಿತು. ವರ್ಗೀಸನ ಮಾರ್ಗವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಕೈಗೆ ಸಿಕ್ಕವನನ್ನು ಕೊಲ್ಲುವ ಅಧಿಕಾರ ಯಾರಿಗೂ ಇಲ್ಲ. 1998ರಲ್ಲಿ ರಾಮಚಂದ್ರನ್ ನಾಯರ್ ಎಂಬ ಹಳೆಯ ಕಾನ್‌ಸ್ಟೇಬಲರು, ಮೇಲಧಿಕಾರಿಗಳ ಆಜ್ಞೆಯಂತೆ, ಸೆರೆಸಿಕ್ಕಿದ್ದ ವರ್ಗೀಸನಿಗೆ ತಾವೇ ಗುಂಡು ಹೊಡೆದುದಾಗಿ ಬಹಿರಂಗವಾಗಿ ಒಪ್ಪಿಕೊಂಡರು. ಅರ್ಜಿಗಳು ಹೈಕೋರ್ಟಿಗೆ ಹೋದುವು, ತನಿಖೆಯು ಸಿ.ಬಿ.ಐ.ಗೆ ಹೋಯಿತು. 2010ರ ಅಕ್ಟೋಬರಿನಲ್ಲಿ ಒಬ್ಬ ನಿವೃತ್ತ ಪೋಲೀಸು ಐ.ಜಿ.ಯವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ವೇಳೆಗೆ ತಪ್ಪೊಪ್ಪಿಕೊಂಡ ಕಾನ್‌ಸ್ಟೇಬಲರು ಬದುಕಿರಲಿಲ್ಲ. ಕೊಲೆಗೂ ತೀರ್ಪಿಗೂ ನಡುವೆ ನಲವತ್ತು ವರ್ಷ.

ಮೂರನೆಯದು ಕೋಟ್ಟಯಂನದು. 1992ರ ಮಾರ್ಚ್ 27ರಂದು ಸಿಸ್ಟರ್ ಅಭಯಾ ಎಂಬ ಕ್ರೈಸ್ತ ಸಂನ್ಯಾಸಿನಿಯ ದೇಹವು ಕಾನ್ವೆಂಟಿನ ಬಾವಿಯಲ್ಲಿ ದೊರೆಯಿತು. ಸ್ಥಳೀಯ ಪೋಲೀಸರೂ ರಾಜ್ಯದ ಕ್ರೈಂ ಬ್ರಾಂಚೂ ಆತ್ಮಹತ್ಯೆಯೆಂದವು. ಊರಿನವರು ಕ್ರಿಯಾಸಮಿತಿಯೊಂದನ್ನು ಕಟ್ಟಿ ಹೋರಾಡಿದುದರಿಂದ ಸಿ.ಬಿ.ಐ. ತನಿಖೆ ಆರಂಭವಾಯಿತು. ಆ ಸಂಸ್ಥೆಯೂ ಒಂದಕ್ಕಿಂತ ಹೆಚ್ಚು ಸಲ, ಪ್ರಕರಣವನ್ನು ಮುಕ್ತಾಯಗೊಳಿಸಲು ಅನುಮತಿ ಬೇಡಿತು. ಎರ್ನಾಕುಳದ ಮ್ಯಾಜಿಸ್ಟ್ರೇಟರ ನ್ಯಾಯಾಲಯವು ಪ್ರತಿಸಲವೂ ಆ ವರದಿಯನ್ನು ಒಪ್ಪದೆ ತನಿಖೆಯನ್ನು ಮುಂದುವರಿಸಲು ಹೇಳಿತು. 2008ರಲ್ಲಿ ಬಂಧನಗಳಾದುವು, 2020ರ ಡಿಸೆಂಬರಿನಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು, 2022ರ ಜೂನಿನಲ್ಲಿ ಹೈಕೋರ್ಟು ಮೇಲ್ಮನವಿಯ ಕಾರಣದಿಂದ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು. ಆದ್ದರಿಂದ ದೋಷಾದೋಷಗಳ ಮಾತನ್ನು ನಾನು ಆಡುವುದಿಲ್ಲ. ನಾನು ತೋರಿಸಬೇಕೆಂದಿರುವುದು ಇಷ್ಟೆ: 1967ರ ತೀರ್ಪು ಹೇಳಿದ ತತ್ತ್ವವು ಇಲ್ಲಿ ಕಾರ್ಯರೂಪದಲ್ಲಿ ಕಾಣುತ್ತದೆ. 'ಮುಗಿಯಿತು' ಎಂದು ತನಿಖಾಧಿಕಾರಿ ಹೇಳಿದ ಮಾತ್ರಕ್ಕೆ ಮುಗಿಯುವುದಿಲ್ಲ.

ಹಾಗೆ ಮುಗಿಸುವ ಮುನ್ನ ದೂರು ಕೊಟ್ಟವರಿಗೆ ನೋಟೀಸು ಕೊಟ್ಟು ಅವರ ಮಾತನ್ನು ಕೇಳಬೇಕೆಂದು 1985ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಮಗಳ ಅಕಾಲ ಮರಣದ ತನಿಖೆಗಾಗಿ ಹೋರಾಡಿದ ಭಗವಂತ ಸಿಂಗ್ ಎಂಬ ತಂದೆಯ ಅರ್ಜಿಯಿಂದ ದೊರೆತ ಫಲವದು. ಆ ಸಂದರ್ಭದಲ್ಲಿ ದೂರುದಾರನು ಪ್ರತಿಭಟನಾ ಅರ್ಜಿಯನ್ನು ಕೊಡಬಹುದು. ತನಿಖೆಯು ಎಲ್ಲಿಗೆ ಬಂದಿದೆಯೆಂಬುದನ್ನು 90 ದಿನಗಳೊಳಗೆ ದೂರುದಾರನಿಗೆ ತಿಳಿಸಬೇಕೆಂದು ಹೊಸ ಸಂಹಿತೆಯ 193ನೆಯ ಕಲಮು ಹೇಳುತ್ತದೆ.

ಆರಂಭಿಸಿದ ಮೊಕದ್ದಮೆಯನ್ನು ಸರಕಾರವೇ ಹಿಂತೆಗೆದುಕೊಳ್ಳಲು ಬಯಸಿದರೆ? ಅದಕ್ಕೂ ನ್ಯಾಯಾಲಯದ ಸಮ್ಮತಿ ಬೇಕು. 2015ರ ಮಾರ್ಚ್ 13ರಂದು ಕೇರಳದ ವಿಧಾನಸಭೆಯಲ್ಲಿ ಮುಂಗಡಪತ್ರ ಮಂಡನೆಯ ವೇಳೆ ಗದ್ದಲವಾಗಿ ಸಾರ್ವಜನಿಕ ಸೊತ್ತಿಗೆ ಹಾನಿಯಾಯಿತು. ಸದಸ್ಯರ ಮೇಲೆ ಹೂಡಿದ್ದ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲು ಮುಂದೆ ಬಂದ ಸರಕಾರವು ಕೋರಿದಾಗ ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ, ಹೈಕೋರ್ಟು ಒಪ್ಪಲಿಲ್ಲ, 2021ರ ಜುಲೈ 28ರಂದು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ನೊಂದವರ ಮಾತನ್ನು ಕೇಳದೆ ಇಂಥ ಸಮ್ಮತಿಯನ್ನು ಕೊಡಲಾಗದೆಂದು ಹೊಸ ಸಂಹಿತೆಯ 360ನೆಯ ಕಲಮು ಈಗ ಸೇರಿಸಿದೆ.

ಇಷ್ಟನ್ನು ಕೇಳಿದ ಮೇಲೆ, ನಾಳೆಯೇ ನೆರೆಮನೆಯವನ ಮೇಲೆ ಫಿರ್ಯಾದು ಹಾಕೋಣವೆಂದು ಯಾರಾದರೂ ಹೊರಟರೆ ನನ್ನ ಭಾಷಣವು ವ್ಯರ್ಥವಾದಂತೆ. ಬೇಲಿಯ ಜಗಳ, ನೀರಿನ ಜಗಳ, ಪಾಲಿನ ಜಗಳಗಳನ್ನು ಅಪರಾಧದ ವೇಷ ಹಾಕಿಸಿ ಕೋರ್ಟಿಗೆ ಕಳುಹಿಸುವ ಚಾಳಿ ನಮ್ಮಲ್ಲಿ ಇಲ್ಲದಿಲ್ಲ. ಸುಳ್ಳು ದೂರು ಕೊಡುವುದೇ ಒಂದು ಅಪರಾಧ. ಸಕಾರಣವಿಲ್ಲದೆ ಆರೋಪ ಹೊರಿಸಿದವನಿಂದ ನೊಂದವನಿಗೆ ಪರಿಹಾರ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ತನಿಖೆಯನ್ನು ಕೋರುವ ಅರ್ಜಿಗೆ ಪ್ರಮಾಣಪತ್ರ ಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟು ವಿಧಿಸಿದುದೂ ಇಂಥ ದುರುಪಯೋಗವನ್ನು ಕಂಡೇ. ಮೊಕದ್ದಮೆಯನ್ನು ಸರಕಾರದ ಕೈಯಲ್ಲಿಟ್ಟಿರುವುದಕ್ಕೆ ಸಕಾರಣವಿದೆ. ನಿರಪರಾಧಿಯೊಬ್ಬನು ನಮ್ಮ ಕೋಪಕ್ಕೆ ಸಿಕ್ಕಿ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತುವುದು ಅನ್ಯಾಯವೇ. ಆದ್ದರಿಂದ ಬಲವಂತಪಡಿಸುವ ಅಧಿಕಾರ ನಮಗಿಲ್ಲದಿರುವುದು ಕೊರತೆಯೆಂದು ನಾನು ಈಗ ಭಾವಿಸುವುದಿಲ್ಲ. ಉತ್ತರವನ್ನು ಕೇಳುವ ಅಧಿಕಾರವಿದ್ದರೆ ಸಾಕು; ಅದು ನಮಗಿದೆ.

ಕೊನೆಯದಾಗಿ ನಮ್ಮ ಭಾಷೆಯ ಮಾತು. ಕಾಸರಗೋಡಿನ ನಮ್ಮವರಲ್ಲಿ ಅನೇಕರು ದೂರು ಕೊಡದೆ ಹಿಂದಿರುಗುವುದು ಭಯದಿಂದಲ್ಲ, ಲಿಪಿಯಿಂದ. ತಮಗೆ ಓದಲು ಬಾರದ ಮಲಯಾಳದ ಬರಹಕ್ಕೆ ಸಹಿ ಹಾಕಬೇಕಾದಾಗ ಕೈ ನಡುಗುತ್ತದೆ. ಮಲಯಾಳವು ನಮ್ಮ ನೆರೆಯ ನುಡಿ, ಗೌರವಕ್ಕೆ ಪಾತ್ರವಾದ ನುಡಿ. ಮಕ್ಕಳು ಅದನ್ನು ಕಲಿಯಲೇಬೇಕೆಂದು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಆದರೆ ನೋವನ್ನು ಹೇಳಿಕೊಳ್ಳುವಾಗ ಮನುಷ್ಯನಿಗೆ ಬರುವುದು ತಾಯಿನುಡಿಯೇ. ಸಂವಿಧಾನದ 350ನೆಯ ವಿಧಿಯಂತೆ, ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಪ್ರತಿಯೊಬ್ಬನೂ ತನ್ನ ಕುಂದುಕೊರತೆಯನ್ನು ಅಧಿಕಾರಿಗಳಿಗೆ ನಿವೇದಿಸಿಕೊಳ್ಳಬಹುದು. 1969ರಲ್ಲಿ ಕೇರಳದ ವಿಧಾನಸಭೆಯು ರಚಿಸಿದ ಆಡಳಿತ ಭಾಷೆಗಳ ಕಾಯಿದೆಯೂ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ನುಡಿಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶವನ್ನು ಕೊಟ್ಟಿತು. ಆದ್ದರಿಂದ ದೂರನ್ನು ಕನ್ನಡದಲ್ಲಿ ಬರೆಯಿರಿ. ದಿನ, ಸ್ಥಳ, ನಡೆದದ್ದು, ಕಂಡವರು—ಈ ನಾಲ್ಕನ್ನು ವಿಶೇಷಣಗಳಿಲ್ಲದೆ ಬರೆದರೆ ಸಾಕು. ಠಾಣೆಯವರು ಬೇರೆ ಭಾಷೆಯಲ್ಲಿ ಬರೆದುಕೊಂಡರೆ, ಓದಿ ಅರ್ಥ ಹೇಳಿ ಎಂದು ವಿನಯದಿಂದ ಕೇಳಿ. ಪ್ರತಿಯನ್ನು ತೆಗೆದುಕೊಳ್ಳದೆ ಹೊರಡಬೇಡಿ.

ನಮ್ಮ ಸಂಘಕ್ಕೆ ನನ್ನದೊಂದು ವಿನಂತಿ. ಯಕ್ಷಗಾನ, ಕವಿಗೋಷ್ಠಿಗಳನ್ನು ನಾವು ಶ್ರದ್ಧೆಯಿಂದ ನಡೆಸುತ್ತಿದ್ದೇವೆ, ಅವು ನಡೆಯಲಿ. ಅವುಗಳ ಜತೆಗೆ ತಿಂಗಳಿಗೊಂದು ಭಾನುವಾರ, ಅರ್ಜಿ ಬರೆಯಲು ಬಾರದವರಿಗಾಗಿ, ಓದು ಬಲ್ಲ ನಾಲ್ವರು ಈ ಸಭಾಭವನದಲ್ಲಿ ಕುಳಿತುಕೊಳ್ಳಬಾರದೇಕೆ? ಕಾಯಿದೆಯ ತೊಡಕುಗಳಿಗೆ ನಮ್ಮ ವಕೀಲ ಮಿತ್ರರಿದ್ದಾರೆ. ಬಡವರಿಗೆ ಉಚಿತವಾಗಿ ವಕೀಲರನ್ನು ಒದಗಿಸುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಬರೆಯುವ ಕೈಗಳು ಮಾತ್ರ ನಮ್ಮವಾಗಬೇಕು. ಮೊದಲ ಭಾನುವಾರ ನಾನು ಬರುತ್ತೇನೆ.

ಬೀಡಿ ಕಟ್ಟುವ ಆ ತಾಯಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆನಲ್ಲವೆ? ವಕೀಲ ಶಿಷ್ಯನ ಮಾತು ಕೇಳಿದ ಮರುದಿನ ನಾನೇ ಅವರ ಮನೆಗೆ ಹೋದೆನು. ಅವರು ಹೇಳಿದಂತೆ ಕನ್ನಡದಲ್ಲಿ ಎರಡು ಪುಟ ಬರೆದೆನು. ಅಲಂಕಾರಗಳನ್ನು ಕಲಿಸುವ ನಾನು ಒಂದು ಅಲಂಕಾರವೂ ಇಲ್ಲದೆ ಬರೆದ ಮೊದಲ ಬರಹ ಅದು. ರಿಜಿಸ್ಟರ್ ಟಪಾಲಿನಲ್ಲಿ ಸೂಪರಿಂಟೆಂಡೆಂಟರಿಗೆ ಕಳುಹಿಸಿದೆವು. ಕೆಲವು ವಾರಗಳಲ್ಲಿ ಅದೇ ಠಾಣೆಯಿಂದ ಕರೆ ಬಂದಿತು; ಪ್ರಕರಣ ದಾಖಲಾಯಿತು; ಮೋಸಹೋದ ಉಳಿದ ಮನೆಯವರೂ ಬಂದು ಹೇಳಿಕೆ ಕೊಟ್ಟರು. ಆರೋಪಪಟ್ಟಿ ಕೋರ್ಟಿಗೆ ಹೋಗಿದೆ, ವಿಚಾರಣೆ ನಡೆಯುತ್ತಿದೆ. ಹಣ ಬಂದಿಲ್ಲ. ಬರುತ್ತದೆಯೆಂದು ಧೈರ್ಯವಾಗಿ ಹೇಳಲಾರೆನು. ನಾವು ಕಳೆದುಕೊಂಡ ಆ ಒಂದು ವರ್ಷದಲ್ಲಿ ಮನೆಯೂ ತೋಟವೂ ಕೈಬದಲಾಗಿದ್ದುವು. ಆ ವರ್ಷದ ಹೊಣೆ ನನ್ನದು.

ಈಚೆಗೆ ಒಂದು ದಿನ ಅವರು ಕೋರ್ಟಿನಿಂದ ನೇರವಾಗಿ ನಮ್ಮ ಜಗಲಿಗೆ ಬಂದರು. ಆ ದಿನವೂ ವಿಚಾರಣೆ ಮುಂದೆ ಹೋಗಿತ್ತು. ಆದರೂ ಅವರ ಮುಖದಲ್ಲಿ ಬೇಸರವಿರಲಿಲ್ಲ. "ಮಾಷ್ಟ್ರೇ, ಇವತ್ತು ಕೋರ್ಟಿನಲ್ಲಿ ನನ್ನ ಹೆಸರು ಕರೆದರು. ಎದ್ದು ನಿಂತೆ" ಎಂದರು.